ರಾಗ್‌ ಸೀಮೆಯ ಸೂಲಗಿತ್ತಿಯರು
2002ರಲ್ಲಿ ಅಫ್ಘಾನಿಸ್ತಾನದ ಬದಖ್‌ಶಾನ್‌ ಪ್ರಾಂತ್ಯದ ರಾಗ್‌ ಎಂಬ ಬೆಟ್ಟದ ಸೀಮೆಯಲ್ಲಿ ಸಮೀಕ್ಷೆಯವರು ಮನೆಮನೆ ತಿರುಗಿ ತಾಯಂದಿರ ಸಾವು ಎಣಿಸಿದರು. ಒಂದು ಲಕ್ಷ ಹೆರಿಗೆಗೆ ಸುಮಾರು 6,500! ಅಂಥ ಅಂಕಿ ಅದಕ್ಕೆ ಮೊದಲು ಎಲ್ಲೂ ದಾಖಲಾಗಿರಲಿಲ್ಲ. ಕೂಸು ಅಡ್ಡ ಸಿಕ್ಕಿಕೊಂಡರೆ ಹೆಂಗಸನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬೆಟ್ಟ ಇಳಿಯಬೇಕು. ಹಿಮ ಬಿದ್ದರೆ ಆ ದಾರಿಯೂ ಇಲ್ಲ. ಅಮ್ಮನನ್ನು ಕಳೆದುಕೊಂಡ ಹಸುಗೂಸುಗಳಲ್ಲಿ ಮುಕ್ಕಾಲು ಪಾಲು ವರ್ಷ ತುಂಬುವ ಮೊದಲೇ ಹೋದವೆಂದು ಅದೇ ಸಮೀಕ್ಷೆ ಹೇಳಿತು. ಗಂಡು ಡಾಕ್ಟರು ಹೆರಿಗೆ ಕೋಣೆಗೆ ಬರುವುದನ್ನು ಒಪ್ಪದ ಊರುಗಳವು. ಹಾಗಾಗಿ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ, ಹೆರಿಗೆ ಮಾಡಿಸುವುದನ್ನು ಕಲಿಸಿ, ಮತ್ತೆ ಅವರವರ ಊರಿಗೇ ಕಳಿಸಿದರು. ಯುದ್ಧದಿಂದ ಎದ್ದ ನಾಡನ್ನು ಕಟ್ಟುವುದೆಂದರೆ, ನನ್ನ ಮಟ್ಟಿಗೆ, ಇದೇ. 2024ರ ಡಿಸೆಂಬರಿನಲ್ಲಿ ತಾಲಿಬಾನ್‌ ಆ ತರಗತಿಗಳ ಬಾಗಿಲನ್ನೂ ಹೆಣ್ಣುಮಕ್ಕಳಿಗೆ ಮುಚ್ಚಿತು.