ಬಿಸಿಲು ನಮ್ಮದೇ, ಗಾಡಿ ಯಾಕೆ ನಮ್ಮದಲ್ಲ?

 

ಈ ಸಲ ಗೋಡೆ ಪತ್ರಿಕೆಗೆ ಕವನ ಬರೆಯೋಣ ಅಂತಿದ್ದೆ. ಆದರೆ ಹೋದ ವಾರ ವಿಜ್ಞಾನದ ಸರ್ ಬಿಸಿಲಿನಿಂದ ಓಡುವ ಕಾರಿನ ವಿಷಯ ಹೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಓಡ್ತಾ ಇದೆ. ಆ ಕಾರುಗಳನ್ನು ಮಾಡಿದವರು ವಿದ್ಯಾರ್ಥಿಗಳು! ಅದಕ್ಕೇ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾ ದೇಶದಲ್ಲಿ 1987ರಲ್ಲಿ ಸೌರ ಕಾರುಗಳ ಪಂದ್ಯ ಶುರುವಾಯಿತು. ಡಾರ್ವಿನ್ ಎಂಬ ಊರಿನಿಂದ ಅಡಿಲೇಡ್ ತನಕ ಸುಮಾರು 3000 ಕಿ.ಮೀ. ದೂರ. ಪೆಟ್ರೋಲು ಹಾಕುವಂತಿಲ್ಲ. ಬೆಳಿಗ್ಗೆ 8ರಿಂದ ಸಂಜೆ 5ರ ತನಕ ಓಡಿಸಬೇಕು. 5 ಗಂಟೆಗೆ ಎಲ್ಲಿರುತ್ತಾರೋ ಅಲ್ಲೇ ಡೇರೆ. ಆಮೇಲೂ ಸುಮ್ಮನೆ ಕೂರಲ್ಲ, ಮುಳುಗುವ ಸೂರ್ಯನ ಕಡೆಗೆ ಪ್ಯಾನಲ್ ತಿರುಗಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಾರೆ. 1990ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಇಂಜಿನಿಯರಿಂಗ್ ಶಾಲೆಯವರು ಮೊದಲು ಬಂದರು. ಹೋಂಡಾ ಕಂಪನಿ ಎರಡನೆಯದು. ಅಂದರೆ ಓದುವ ಮಕ್ಕಳು ಕಾರು ಮಾರುವ ಕಂಪನಿಯನ್ನೇ ಹಿಂದೆ ಹಾಕಿದರು! ಮೂರನೆಯದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಸನ್‌ರನ್ನರ್'. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಚೇತನ್ ಮೈನಿ ಇದ್ದರು. ಅವರೇ ಮುಂದೆ ಬೆಂಗಳೂರಿನಲ್ಲಿ 'ರೇವಾ' ವಿದ್ಯುತ್ ಕಾರು ಮಾಡಿದವರು. 2001ರಲ್ಲಿ ಅದು ರಸ್ತೆಗೆ ಬಂತು. ಮನೆಯ ಪ್ಲಗ್ಗಿಗೆ ವೈರ್ ಸಿಕ್ಕಿಸಿದರೆ ಸಾಕು, ಚಾರ್ಜ್ ಆಗುತ್ತಿತ್ತು.

2013ರಲ್ಲಿ ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ವಿದ್ಯಾರ್ಥಿಗಳು 'ಸ್ಟೆಲ್ಲಾ' ಎಂಬ ನಾಲ್ಕು ಜನ ಕೂರುವ ಸೌರ ಕಾರು ಮಾಡಿ ತಮ್ಮ ವಿಭಾಗದಲ್ಲಿ ಗೆದ್ದರು. ಅವರ ದೇಶದಲ್ಲಿ ಮೋಡ ಜಾಸ್ತಿ, ಬಿಸಿಲು ಕಮ್ಮಿ. ನಮ್ಮಲ್ಲಿ ಬಿಸಿಲಿಗೇನು ಬರವೇ? ನಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಜಾಗದಲ್ಲಿ 2050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಅತ್ತೆ ಊರಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ದೂರಕ್ಕೆ ಕೆರೆ ತುಂಬಿದ ಹಾಗೆ ಕಾಣುತ್ತೆ. ಎಲ್ಲರೂ ಬೈಯುತ್ತಿದ್ದ ಬಿಸಿಲಿಗೇ ಬೆಲೆ ಬಂತು!

ಇನ್ನೊಂದು ಮಾತು. ಪಂದ್ಯದ ಸೌರ ಕಾರು ಓಡುವುದು ಸುಮಾರು 1000 ವ್ಯಾಟ್ ಶಕ್ತಿಯಲ್ಲಿ. ಅಷ್ಟು ಒಂದು ಇಸ್ತ್ರಿ ಪೆಟ್ಟಿಗೆಗೇ ಬೇಕು. ಎಚ್.ಪಿ. ಲೆಕ್ಕದಲ್ಲಿ ಒಂದೂ ಕಾಲಿಗಿಂತ ಸ್ವಲ್ಪ ಜಾಸ್ತಿ. ನಮ್ಮ ತೋಟದ ಬೋರ್‌ವೆಲ್ ಮೋಟಾರು 5 ಎಚ್.ಪಿ.! ಇಷ್ಟು ಕಮ್ಮಿ ಶಕ್ತಿಯಲ್ಲಿ ಹೇಗೆ ಓಡುತ್ತೆ ಅಂತ ಕೇಳಿದ್ದಕ್ಕೆ ಸರ್ ಹೇಳಿದರು, ಅದು ಹಗುರ, ಮತ್ತೆ ಮೀನಿನ ಹಾಗೆ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. ಅಂದರೆ ಶಕ್ತಿ ಜಾಸ್ತಿ ಇರುವುದಕ್ಕಿಂತ ಪೋಲು ಮಾಡದೆ ಇರುವುದು ಮುಖ್ಯ.

ಇದನ್ನು ಹೇಳಿದಾಗ ನಮ್ಮ ತರಗತಿಯ ಕೆಲವರು ನಕ್ಕರು. "ಅವರು ದೊಡ್ಡ ಕಾಲೇಜಿನವರು, ದುಡ್ಡಿರೋರು. ನಾವು ಪಂಚರ್ ಹಾಕೋಕೂ ಅಂಗಡಿಗೆ ಹೋಗ್ತೀವಿ" ಅಂದರು. ನಿಜ, ನಾವು ಕಾರು ಮಾಡೋಕಾಗಲ್ಲ. ಆದರೆ ಅವರೂ ಒಂದು ದಿನ ಏಳನೇ ತರಗತಿಯಲ್ಲಿ ಇದ್ದವರೇ ಅಲ್ವಾ?

ನನಗೆ ಇದು ಆಟದ ವಿಷಯ ಅಲ್ಲ. ನಮ್ಮಕ್ಕ ಇದೇ ಶಾಲೆಯಲ್ಲಿ ಏಳನೇ ತರಗತಿಗೆ ಮೊದಲು ಬಂದಿದ್ದಳು. ಹೈಸ್ಕೂಲು 5 ಕಿ.ಮೀ. ದೂರ. ಬಸ್ಸು ಬರುವಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರುತ್ತೆ. ನಾಲ್ಕು ತಿಂಗಳು ನಡೆದುಕೊಂಡು ಹೋದಳು. ಸಂಜೆ ಬರುವಾಗ ಕತ್ತಲು. ಒಂದು ದಿನ ಅಪ್ಪ "ಸಾಕು ಬಿಡಮ್ಮ" ಅಂದರು. ಈಗ ಮನೆಯಲ್ಲಿ ಹೂ ಕಟ್ಟುತ್ತಾಳೆ. ಮುಂದಿನ ವರ್ಷ ನಮ್ಮ ತರಗತಿಯ ನಾಲ್ಕು ಜನ ಹುಡುಗಿಯರ ಸರದಿ.

ಅದಕ್ಕೆ ನಾನೊಂದು ಲೆಕ್ಕ ಮಾಡಿದ್ದೇನೆ. ಬ್ಯಾಟರಿ ಆಟೋದಲ್ಲಿ 48 ವೋಲ್ಟ್, 100 ಆಂಪಿಯರ್ ಅವರ್ ಬ್ಯಾಟರಿ ಇದ್ದರೆ 48 × 100 = 4800, ಅಂದರೆ 4.8 ಯೂನಿಟ್. ಅದರಲ್ಲಿ ಸುಮಾರು 80 ಕಿ.ಮೀ. ಹೋಗುತ್ತೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಬಿಟ್ಟು ಬರಲು 10, ಸಂಜೆ ಕರೆದು ತರಲು 10, ಒಟ್ಟು 20 ಕಿ.ಮೀ. ಅದಕ್ಕೆ 1.2 ಯೂನಿಟ್. 300 ವ್ಯಾಟಿನ ಒಂದು ಪ್ಯಾನಲ್ಲಿಗೆ 5 ಗಂಟೆ ಒಳ್ಳೆ ಬಿಸಿಲು ಬಿದ್ದರೆ 1.5 ಯೂನಿಟ್. ವೈರು, ಬ್ಯಾಟರಿಯಲ್ಲಿ ಸ್ವಲ್ಪ ನಷ್ಟ ಆಗುತ್ತೆ, ಮೋಡದ ದಿನವೂ ಬರುತ್ತೆ. ಆದ್ದರಿಂದ ಎರಡು ಪ್ಯಾನಲ್ ಇರಲಿ. ನಾವು ಪಾಠ ಕೇಳುವ ಹೊತ್ತಿನಲ್ಲಿ ಆಟೋ ನಮ್ಮ ಶಾಲೆಯ ಅಂಗಳದಲ್ಲಿ ನಿಂತು ಬಿಸಿಲು ಕುಡಿಯಲಿ! ಓಡಿಸಲು ಲೈಸೆನ್ಸ್ ಇರುವ ದೊಡ್ಡವರು ಬೇಕು. ಆಟೋಗೆ ಲಕ್ಷಕ್ಕಿಂತ ಮೇಲೆ ಆಗುತ್ತೆ, ಅದೂ ಗೊತ್ತು. ಆದರೆ ಊರ ಜಾತ್ರೆಗೆ ಎಲ್ಲರೂ ಸೇರಿ ಚಂದಾ ಎತ್ತುವುದಿಲ್ಲವೇ? ಹನಿ ಹನಿ ಕೂಡಿದರೆ ಹಳ್ಳ.

ನನ್ನ ಅಭಿಪ್ರಾಯ ಇಷ್ಟೇ. ಮೊದಲನೆಯದು, ಸರ್, ಬೈಯಬೇಡಿ, ವಿಜ್ಞಾನದ ಬೀರುವಿನ ಬೀಗ ತೆಗೆಯಿರಿ. ಅದರಲ್ಲಿ ಪುಟ್ಟ ಮೋಟಾರು, ವೈರು, ಬಲ್ಬು ಎಲ್ಲಾ ಇವೆ. ಕೆಟ್ಟು ಹೋಗುತ್ತೆ ಅಂತ ಒಳಗಿಟ್ಟು ನಾವು ಬರೀ ಚಿತ್ರ ಬರೆದು ಬಾಯಿಪಾಠ ಮಾಡುತ್ತಿದ್ದೇವೆ. ಒಂದು ಸಣ್ಣ ಪ್ಯಾನಲ್ ತಂದುಕೊಟ್ಟರೆ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬಿಸಿಲಲ್ಲಿ ಓಡುವ ಆಟಿಕೆ ಕಾರು ಮಾಡಿ ತೋರಿಸುತ್ತೇವೆ. ಎರಡನೆಯದು, ಮಕ್ಕಳ ಗ್ರಾಮಸಭೆಯಲ್ಲಿ ಈ ಆಟೋ ವಿಷಯ ಕೇಳೋಣ. ಎದ್ದು ನಿಂತು ನಾನೇ ಕೇಳುತ್ತೇನೆ. ಹಿಂದೆ ನೀವು ನಿಂತರೆ ಸಾಕು.

ಲೆಕ್ಕದಲ್ಲಿ ತಪ್ಪಿದ್ದರೆ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಆದರೆ ತಪ್ಪು ಇರಲಾರದು, ಅಕ್ಕ ಎರಡು ಸಲ ತಾಳೆ ನೋಡಿದ್ದಾಳೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ