ಬೇಲೂರಿನ ಬಸ್ಸು, ಬೇರೆಯವರ ಬ್ಯಾಟರಿ

ಧಾರವಾಡದಿಂದ ಬೆಳಗಾವಿಯತ್ತ ಹೊರಟ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿದೆ ಬೇಲೂರು ಕೈಗಾರಿಕಾ ಪ್ರದೇಶ. ಶಿಲಾಬಾಲಿಕೆಯರ ಬೇಲೂರಲ್ಲ, ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗದ ನೆರೆಯ ಬೇಲೂರು. ಟಾಟಾ ಹಿಟಾಚಿಯ ಮಣ್ಣು ಅಗೆಯುವ ಯಂತ್ರಗಳು, ಟಾಟಾ ಮೋಟರ್ಸ್‌ನ ಬಸ್ಸುಗಳು, ಸಣ್ಣ ಸರಕು ವಾಹನಗಳು ಇಲ್ಲಿ ತಯಾರಾಗುತ್ತ ಬಂದಿವೆ. ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿಯ ಜೊತೆ 2006ರಲ್ಲಿ ಆದ ಒಪ್ಪಂದದಿಂದ ಬಸ್ ಕಾರ್ಖಾನೆ ಬಂತು. 2020ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನವರ ಶೇ 49ರ ಪಾಲನ್ನೂ ಕೊಂಡುಕೊಳ್ಳಲು ಟಾಟಾ ನಿರ್ಧರಿಸಿತು. ವಾಹನ ಉದ್ಯಮ ಎಲೆಕ್ಟ್ರಿಕ್‌ನತ್ತ ಹೊರಳಿದರೆ ಇಂಥ ಊರಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಸಾಮಾನ್ಯವಾಗಿ ಎಂಜಿನ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಬೇಲೂರಿನ ಮಟ್ಟಿಗೆ ಅದು ತಪ್ಪು ಜಾಗದಲ್ಲಿ ನಡೆಯುತ್ತಿರುವ ಹುಡುಕಾಟ.

ಬೇಲೂರಿನ ಕಸುಬು ಎಂಜಿನ್ ಕಟ್ಟುವುದಲ್ಲ, ಬಾಡಿ ಕಟ್ಟುವುದು. ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಬೆಸೆದು ಹಂದರ ನಿಲ್ಲಿಸುವುದು, ತುಕ್ಕು ಹಿಡಿಯದಂತೆ ಲೇಪ ಕೊಡುವುದು, ತಗಡು ಹೊದಿಸುವುದು, ಗಾಜು ಅಂಟಿಸುವುದು, ವೈರಿಂಗ್ ಎಳೆಯುವುದು, ಸೀಟು ಕೂರಿಸುವುದು, ಕೊನೆಗೆ ಬಸ್ಸಿನ ಮೇಲೆ ಮಳೆಯಂತೆ ನೀರು ಸುರಿಸಿ ಸೋರಿಕೆ ನೋಡುವುದು. ಬಸ್ ಡೀಸೆಲ್‌ನದ್ದಾಗಲಿ, ಬ್ಯಾಟರಿಯದ್ದಾಗಲಿ ಈ ಕೆಲಸಗಳಲ್ಲಿ ಒಂದೂ ತಪ್ಪುವುದಿಲ್ಲ. ಹನ್ನೆರಡು ಮೀಟರ್ ಉದ್ದದ ಎಲೆಕ್ಟ್ರಿಕ್ ಬಸ್ಸಿಗೆ ಟನ್‌ಗಟ್ಟಲೆ ತೂಗುವ ಬ್ಯಾಟರಿ ಹೊರಬೇಕಾದ್ದರಿಂದ ಹಂದರ ಗಟ್ಟಿಯೂ ಇರಬೇಕು, ಹಗುರವೂ ಇರಬೇಕು. ಅಲ್ಲಿಗೆ ವೆಲ್ಡರ್‌ನ ಕೈಗೆ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹೊಸತಾಗಿ ಬರುವುದು ಕಿತ್ತಳೆ ಬಣ್ಣದ ಕೇಬಲ್. ನೂರಾರು ವೋಲ್ಟ್ ಹರಿಯುವ ತಂತಿ ಇದು ಎಂದು ಜಗತ್ತಿನಾದ್ಯಂತ ಎಚ್ಚರಿಸುವ ಬಣ್ಣ ಅದು. 24 ವೋಲ್ಟ್ ಬ್ಯಾಟರಿಗೆ ಒಗ್ಗಿದ ಎಲೆಕ್ಟ್ರಿಷಿಯನ್ ಅದನ್ನು ಮುಟ್ಟುವ ಮುನ್ನ ಸಂಪರ್ಕ ಕಡಿಯುವ ಕ್ರಮ, ರಬ್ಬರ್ ಕೈಗವಸಿನ ಶಿಸ್ತು ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಕಲಿಯಲಾಗದ್ದೇನಲ್ಲ, ಐಟಿಐಗಳ ಪಠ್ಯದಲ್ಲಿ ಅದು ಎಷ್ಟು ಬೇಗ ಸೇರುತ್ತದೆ ಎಂಬುದಷ್ಟೇ ಪ್ರಶ್ನೆ.

ಧಾರವಾಡದ ಇನ್ನೊಂದು ಉತ್ಪನ್ನದ ಕಥೆ ಇಷ್ಟು ಸಲೀಸಲ್ಲ. 2012ರಲ್ಲಿ ಶುರುವಾದ ಸಣ್ಣ ವಾಹನಗಳ ಘಟಕದ ಭರವಸೆಯೆಲ್ಲ ಏಸ್ ಜಿಪ್, ಮ್ಯಾಜಿಕ್ ಐರಿಸ್‌ಗಳ ಮೇಲಿತ್ತು. ಎರಡಕ್ಕೂ 611 ಸಿಸಿಯ ಪುಟ್ಟ ಡೀಸೆಲ್ ಎಂಜಿನ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದಾಗ ಹೊಗೆ ಶುದ್ಧೀಕರಿಸುವ ಸಲಕರಣೆಯ ಖರ್ಚು ಇಂಥ ಎಂಜಿನ್‌ಗಳ ಬೆಲೆಯ ಲೆಕ್ಕವನ್ನೇ ಕೆಡಿಸಿತು. ಅದೇ ವರ್ಗದ ಗಿರಾಕಿಯನ್ನು ಇಂದು ಎಲೆಕ್ಟ್ರಿಕ್ ತ್ರಿಚಕ್ರ ವಾಹನ ಸೆಳೆಯುತ್ತಿದೆ. ಊರಿನ ಕೌಶಲ ಹಾಗೆಯೇ ಇದ್ದರೂ ನೆಚ್ಚಿದ ಒಂದು ಮಾಡೆಲ್ ಮಾರುಕಟ್ಟೆಯಿಂದ ಸರಿದರೆ ಏನಾದೀತು ಎಂಬುದಕ್ಕೆ ಬೇರೆಡೆ ಉದಾಹರಣೆ ಹುಡುಕಬೇಕಿಲ್ಲ. ಎಂಜಿನ್ ಮಾಯವಾಗುವುದರ ನೇರ ಹೊಡೆತವೇನಿದ್ದರೂ ಎರಕದ ಭಾಗಗಳಿಗೆ ಹೆಸರಾದ ಬೆಳಗಾವಿಯ ಫೌಂಡ್ರಿಗಳಿಗೆ ಮತ್ತು ಲೇತ್ ನಂಬಿದ ಸಣ್ಣ ವರ್ಕ್‌ಶಾಪ್‌ಗಳಿಗೆ.

ಅಸಲು ಹಣ ಇರುವುದು ಬ್ಯಾಟರಿಯಲ್ಲಿ. ಎಲೆಕ್ಟ್ರಿಕ್ ಬಸ್ಸಿನ ಬೆಲೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬ್ಯಾಟರಿಯದ್ದು. ಅದರ ಸೆಲ್‌ಗಳು ಬಹುಪಾಲು ಚೀನಾದಿಂದ ಬರುತ್ತವೆ. ಮೋಟರಿನ ಅಯಸ್ಕಾಂತದ್ದೂ ಅದೇ ಪಾಡು. 2025ರ ಏಪ್ರಿಲ್‌ನಲ್ಲಿ ಅಯಸ್ಕಾಂತಕ್ಕೆ ಬೇಕಾದ ವಿರಳ ಭೂಲೋಹಗಳ ರಫ್ತಿಗೆ ಚೀನಾ ಕಡಿವಾಣ ಹಾಕಿದೊಡನೆ ಭಾರತದ ವಾಹನ ತಯಾರಕರು ಚಡಪಡಿಸಿದರು. ಈ ಕೊರತೆ ತುಂಬುವ ಭರವಸೆ ಧಾರವಾಡಕ್ಕೂ ಸಿಕ್ಕಿತ್ತು. ಸೆಲ್ ತಯಾರಿಕೆಗೆ ಕೇಂದ್ರದ ಪ್ರೋತ್ಸಾಹಧನ ಪಡೆಯಲು 2022ರಲ್ಲಿ ಆಯ್ಕೆಯಾದ ಕಂಪನಿಗಳಲ್ಲಿ ರಾಜೇಶ್ ಎಕ್ಸ್‌ಪೋರ್ಟ್ಸ್ ಒಂದು. ಅದರ ಅಂಗಸಂಸ್ಥೆ ಎಲೆಸ್ಟ್ ಧಾರವಾಡದಲ್ಲಿ ಹೂಡಲಿದ್ದ 14,255 ಕೋಟಿ ರೂಪಾಯಿಗೆ ರಾಜ್ಯ ಸರ್ಕಾರ ಅದೇ ವರ್ಷ ಒಪ್ಪಿಗೆ ಕೊಟ್ಟಿತು. ಸಿಗಲಿದ್ದ ಉದ್ಯೋಗ 867. ಯೋಜನೆ ಕುಂಟುತ್ತ ಸಾಗಿದ್ದು ಬೇರೆ ಮಾತು. ಒಂದು ಉದ್ಯೋಗಕ್ಕೆ ಹದಿನಾರು ಕೋಟಿ ರೂಪಾಯಿ ಎಂಬ ಲೆಕ್ಕವನ್ನು ಸ್ವಾಗತ ಭಾಷಣಗಳಲ್ಲಿ ಯಾರೂ ಹಾಕಿ ತೋರಿಸಲಿಲ್ಲ. ಸೆಲ್ ಕಾರ್ಖಾನೆ ಯಂತ್ರಗಳ ಲೋಕ. ಹೆಚ್ಚು ಕೈಗಳಿಗೆ ಕೆಲಸ ಕೊಡುವುದು ಸೆಲ್‌ಗಳನ್ನು ಜೋಡಿಸಿ ಪ್ಯಾಕ್ ಕಟ್ಟುವುದು, ಅದರ ತಂಪುಗಾರಿಕೆ, ಕವಚ, ದುರಸ್ತಿ, ಆಯಸ್ಸು ಮುಗಿದ ಪ್ಯಾಕ್ ಬಿಚ್ಚುವುದು. ರಾಜ್ಯದ 2025–30ರ ಕ್ಲೀನ್ ಮೊಬಿಲಿಟಿ ನೀತಿ ಗೌರಿಬಿದನೂರು, ಹಾರೋಹಳ್ಳಿಗಳ ಜೊತೆ ಧಾರವಾಡದಲ್ಲೂ ಎಲೆಕ್ಟ್ರಿಕ್ ವಾಹನ ಉದ್ಯಮದ ಒಂದು ಕ್ಲಸ್ಟರ್ ಆಗಲಿದೆ ಎನ್ನುತ್ತದೆ. ಆ ಕ್ಲಸ್ಟರ್ ಈ ಕೆಲಸಗಳನ್ನು ಹಿಡಿದರೆ ಬೇಲೂರಿಗೆ ಉಪಯೋಗ, ಇಲ್ಲದಿದ್ದರೆ ಅದೂ ಒಂದು ನಾಮಫಲಕ.

ಬಸ್ ಕಾರ್ಖಾನೆಯ ಪಾಳಿಗಳು ನಡೆಯುವುದು ಸಾರಿಗೆ ನಿಗಮಗಳ ಟೆಂಡರ್ ಮೇಲೆ. ಬೆಂಗಳೂರಿನ ಬಿಎಂಟಿಸಿ 2022ರಲ್ಲಿ 921 ಎಲೆಕ್ಟ್ರಿಕ್ ಬಸ್ಸುಗಳ ಗುತ್ತಿಗೆಯನ್ನು ಟಾಟಾದ ಅಂಗಸಂಸ್ಥೆಗೆ ಕೊಟ್ಟಿತು. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿನ ಪಾಲು ಇನ್ನೂ 4,500. ಇಂಥ ಟೆಂಡರ್ ಸಿಕ್ಕ ವರ್ಷ ಗೇಟಿನ ಮುಂದೆ ಗುತ್ತಿಗೆ ಕಾರ್ಮಿಕರ ಸಾಲು, ತಪ್ಪಿದ ವರ್ಷ ಪಾಳಿ ಕಡಿತ. ತಮಾಷೆಯೆಂದರೆ ಬಸ್ ಕಾರ್ಖಾನೆಯನ್ನು ಬೆನ್ನಿಗಿಟ್ಟುಕೊಂಡ ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಕಾರಿಡಾರ್ ಬಿಆರ್‌ಟಿಎಸ್‌ನಲ್ಲಿ 2018ರಿಂದ ಓಡುತ್ತಿರುವ ‘ಚಿಗರಿ’ಗಳು ವೋಲ್ವೊ ಬಸ್ಸುಗಳು. ಅವುಗಳ ಬದಲಿಗೆ ಎಲೆಕ್ಟ್ರಿಕ್ ಬಸ್ ತರುವ ಮಾತು ಈಗ ಕೇಳುತ್ತಿದೆ. ಬಸ್ ಎಲ್ಲಿ ತಯಾರಾಗಬೇಕು ಎಂಬುದನ್ನು ಟೆಂಡರ್ ಹೇಳಲಾರದು. ದುರಸ್ತಿ ಮತ್ತು ಬ್ಯಾಟರಿ ಬದಲಾವಣೆ ಕಾರಿಡಾರಿನ ಆಸುಪಾಸಿನಲ್ಲೇ ಆಗಬೇಕೆಂಬ ಷರತ್ತನ್ನಂತೂ ಹಾಕಬಹುದು.

ಈ ಟೆಂಡರ್‌ಗಳ ಸ್ವರೂಪವೇ ಬೇರೆ. ನಿಗಮ ಬಸ್ ಕೊಳ್ಳುವುದಿಲ್ಲ, ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ. ಬಸ್ ಕಂಪನಿಯದು, ಚಾಲಕ ಕಂಪನಿಯವನು, ನಿರ್ವಾಹಕ ಮಾತ್ರ ನಿಗಮದವನು. ಡೀಸೆಲ್ ಬಸ್ಸಿನ ಸ್ಟೀರಿಂಗ್ ಹಿಡಿದವನಿಗೆ ಇದ್ದ ನಿಗಮದ ನೌಕರಿ, ಭವಿಷ್ಯನಿಧಿ, ಬಡ್ತಿ, ಸಂಘದ ಬಲ ಎಲೆಕ್ಟ್ರಿಕ್ ಬಸ್ಸಿನಲ್ಲಿ ಕುಳಿತವನಿಗೆ ಅದೇ ರೂಪದಲ್ಲಿ ಇಲ್ಲ. ಚಾಲಕರಿಲ್ಲದ ವಾಹನ ಬಂದು ಅನ್ನ ಕಸಿಯುತ್ತದೆ ಎಂಬ ಆತಂಕದ ನಡುವೆ, ಕಂಪ್ಯೂಟರ್ ಮಾಡದ ಕೆಲಸವನ್ನು ಕರಾರುಪತ್ರ ಆಗಲೇ ಮಾಡಿ ಮುಗಿಸಿದೆ.

ಸ್ವಯಂಚಾಲಿತ ವಾಹನಗಳ ಬಗ್ಗೆ ದೆಹಲಿಯ ನಿಲುವು ಸ್ಪಷ್ಟ. ಚಾಲಕರ ಉದ್ಯೋಗ ಹೋಗುವುದರಿಂದ ಅವಕ್ಕೆ ಅವಕಾಶ ಕೊಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ 2023ರಲ್ಲೂ ಹೇಳಿದ್ದಾರೆ. ಅಮೆರಿಕದಲ್ಲಿ ವೇಮೊ ಟ್ಯಾಕ್ಸಿಗಳು ಚಾಲಕರಿಲ್ಲದೆ ಓಡುತ್ತಿದ್ದರೂ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2023ರಲ್ಲಿ ಪಾದಚಾರಿಯೊಬ್ಬರನ್ನು ಎಳೆದೊಯ್ದ ಅಪಘಾತದ ನಂತರ ಜನರಲ್ ಮೋಟರ್ಸ್ ತನ್ನ ಕ್ರೂಸ್ ಟ್ಯಾಕ್ಸಿ ಯೋಜನೆಯಿಂದ ಹಿಂದೆ ಸರಿಯಿತು. ಬೇಲೂರಿಗೆ ಸದ್ಯಕ್ಕೆ ಬರುವುದು ಈ ಸ್ವಯಂಚಾಲನೆಯ ಸಣ್ಣ ರೂಪಗಳು: ಚಾಲಕ ತೂಕಡಿಸಿದರೆ ಎಚ್ಚರಿಸುವ ಕ್ಯಾಮೆರಾ, ಲೇನ್ ತಪ್ಪಿದರೆ ಕೂಗುವ ಗಂಟೆ, ತಾನೇ ಬೀಳುವ ಬ್ರೇಕ್. ಬಸ್, ಲಾರಿಗಳಲ್ಲಿ ಇವನ್ನು ಕಡ್ಡಾಯಗೊಳಿಸುವ ಕರಡು ನಿಯಮವನ್ನು ಕೇಂದ್ರ 2025ರಲ್ಲಿ ಹೊರಡಿಸಿತು. ಇವು ಬೇಕು. ಆದರೆ 2021ರ ಜನವರಿ 15ರಂದು ಹುಬ್ಬಳ್ಳಿ–ಧಾರವಾಡ ಬೈಪಾಸ್‌ನ ಇಟಿಗಟ್ಟಿ ಬಳಿ ಟಿಪ್ಪರ್‌ಗೆ ಡಿಕ್ಕಿಯಾದ ಟೆಂಪೊ ಟ್ರಾವೆಲರ್‌ನಲ್ಲಿ ದಾವಣಗೆರೆಯ ಮಹಿಳೆಯರು ಪ್ರಾಣ ಬಿಟ್ಟದ್ದು ವಿಭಜಕವಿಲ್ಲದ ಎರಡು ಪಥದ ರಸ್ತೆಯಲ್ಲಿ. ಎದುರುಬದುರು ವಾಹನ ಓಡುವ ಅಂಥ ಹೆದ್ದಾರಿಯಲ್ಲಿರುವ ಕೊರತೆಯನ್ನು ಯಾವ ಸೆನ್ಸರೂ ತುಂಬಿಕೊಡಲಾರದು.

ಚಾಲಕರಹಿತ ತಂತ್ರಜ್ಞಾನ ಪೂರ್ಣರೂಪದಲ್ಲಿ ಈ ಭಾಗಕ್ಕೆ ಮೊದಲು ಬರುವುದಾದರೆ ಅದು ರಸ್ತೆಯ ಮೇಲಲ್ಲ, ಗಣಿಯೊಳಗೆ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ರಿಯೊ ಟಿಂಟೊ ಕಂಪನಿ 2008ರಿಂದಲೇ ಚಾಲಕರಿಲ್ಲದ ಅದಿರು ಲಾರಿಗಳನ್ನು ಪ್ರಯೋಗಕ್ಕಿಳಿಸಿತು. ಗಣಿಯಲ್ಲಿ ದನ ಅಡ್ಡ ಬರುವುದಿಲ್ಲ, ಆಟೊ ನುಗ್ಗುವುದಿಲ್ಲ, ದಾರಿ ಗೊತ್ತಿದ್ದದ್ದೇ. ಸಂಡೂರು, ಬಳ್ಳಾರಿಯ ಗಣಿಗಳು ಅದೇ ಹಾದಿ ಹಿಡಿದರೆ ಬೇಲೂರಿನಲ್ಲಿ ಅದರ ಬಿಸಿ ಮೊದಲು ತಟ್ಟುವುದು ಬಸ್ ಕಾರ್ಖಾನೆಗಲ್ಲ, ಮಣ್ಣು ಅಗೆಯುವ ಯಂತ್ರ ಕಟ್ಟುವವರಿಗೆ. ಆಗ ಹೈಡ್ರಾಲಿಕ್ ಬಲ್ಲ ಫಿಟ್ಟರ್ ಜೊತೆಗೆ ಸೆನ್ಸರ್, ಸಾಫ್ಟ್‌ವೇರ್ ಬಲ್ಲವರೂ ಬೇಕು. ಧಾರವಾಡದ ಐಐಟಿ, ಐಐಐಟಿ ಮತ್ತು ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಈ ಕಾರ್ಖಾನೆಗಳಿಂದ ಒಂದು ಗಂಟೆಯ ದಾರಿಯೊಳಗಿದ್ದರೂ, ಅಲ್ಲಿ ಪದವಿ ಪಡೆದ ಬಹಳಷ್ಟು ಮಂದಿಯ ಬಸ್ ಬೆಂಗಳೂರಿನ ಕಡೆಗೇ ಹೊರಡುತ್ತದೆ.