ಮಗಳಿಗೆ ದಿನಾ ನಲವತ್ತು ನಿಮಿಷ ಬಿಟ್ಟುಕೊಡ್ರಿ

ಅಕ್ಕಗೋಳ, ಚಿಗವ್ವಗೋಳ, ಇವತ್ತು ಅಡಗಿ ಮಾತು ಬ್ಯಾಡ, ಆಟದ ಮಾತು ಆಡೂಣು. ನಮ್ಮ ಮರಳಿ ಕಡೆ ಆಟ ಅಂದ್ರ ಗಂಡುಹುಡುಗರಿಗೆ ಕ್ರಿಕೆಟ್ಟು, ಹೆಣಮಕ್ಕಳಿಗೆ ಸಾಲ್ಯಾಗ ಇರೋತನಕ ಕಬಡ್ಡಿ, ಖೋಖೋ. ಬಾಸ್ಕೆಟ್‌ಬಾಲ್ ಹೆಸರು ನಮ್ಮ ಬಾಯಾಗ ಬರೂದ ಕಡಿಮಿ. ಆದ್ರ ಹೆಣಮಕ್ಕಳ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಮ್ಮ ಬೆಂಗಳೂರಾಗ ಎರಡು ಸಲ ನಡದೈತಿ, 2017ರಾಗ ಒಮ್ಮೆ, 2019ರಾಗ ಒಮ್ಮೆ.

2017ರ ಜುಲೈ 29ಕ್ಕ ಬಿ ವಿಭಾಗದ ಫೈನಲ್‌ನಾಗ ನಮ್ಮ ದೇಶದ ಹುಡ್ಗ್ಯಾರು ಕಜಕಿಸ್ತಾನದ ಮ್ಯಾಲ 75-73ರಿಂದ ಗೆದ್ರು. ಬರೇ ಎರಡು ಪಾಯಿಂಟು, ಅಂದ್ರ ಒಂದು ಸಲ ಚೆಂಡು ಬುಟ್ಟ್ಯಾಗ ಬಿದ್ದಷ್ಟು. ಗೆದ್ದವರು ಎ ವಿಭಾಗಕ್ಕ ಏರಿದ್ರು. 2019ರ ಸೆಪ್ಟೆಂಬರ್‌ದಾಗ ಕಂಠೀರವ ಒಳಾಂಗಣ ಕ್ರೀಡಾಂಗಣದಾಗ ದೊಡ್ಡ ತಂಡಗಳ ಜೋಡಿ ಆಡಿ, ಎಂಟು ತಂಡದಾಗ ಎಂಟನೇದವರಾದ್ರು. ಜಪಾನ್ ಚೀನಾನ್ನ 71-68ರಿಂದ ಸೋಲಿಸಿ ಸತತ ನಾಲ್ಕನೇ ಸಲ ಕಪ್ ಒಯ್ತು.

"ಅದು ಎತ್ತರದವರ ಆಟ, ನಮ್ಮ ಹುಡುಗಿ ಗಿಡ್ಡ" ಅನ್ನೋರು ಜಪಾನಿನವರನ್ನ ನೋಡ್ರಿ. ಚೀನಾದವರ ಮುಂದ ಅವರು ಗಿಡ್ಡ. ಓಟದಾಗ, ದೂರದಿಂದ ಬುಟ್ಟಿಗೆ ಹಾಕೂದ್ರಾಗ ಗೆಲ್ಲತಾರ. 2021ರಾಗ ಟೋಕಿಯೊ ಒಲಿಂಪಿಕ್ಸ್‌ದಾಗ ಬೆಳ್ಳಿ ಪದಕಾನೂ ಗೆದ್ರು.

ನಮ್ಮ ಹುಡ್ಗ್ಯಾರಿಗೆ ಕಡಿಮಿ ಬಿದ್ದಿದ್ದು ಎತ್ತರ ಅಲ್ಲ, ಹೊತ್ತು. ಏಳನೇತ್ತೆ ತನಕ ಓಡಿದ ಹುಡುಗಿ ಮೈನೆರೆದ ಮ್ಯಾಲ ಬಯಲಿಗೆ ಹೋಗಂಗಿಲ್ಲ. ಸಾಲಿ ಬಿಟ್ಟು ಬಂದ್ಲಂದ್ರ ಮುಸುರಿ, ಕಸ, ರೊಟ್ಟಿ. ಆಕಿ ತಮ್ಮ ಬ್ಯಾಟ್ ಹಿಡಕೊಂಡು ಹೊಂಟ್ರ ಯಾರೂ ಕೇಳಂಗಿಲ್ಲ. ತಡಿಯೋರು ಗಂಡಸ್ರ ಅಂತ ಹೇಳಿ ಕೈ ತೊಳಕೊಬ್ಯಾಡ್ರಿ. "ಮಂದಿ ಏನಂದಾರು" ಅಂತ ಮೊದಲು ಬಾಯಿ ತೆಗೆಯೋದು ಬಾಗಲದಾಗ ಕುಂತ ನಾವು ಹೆಣಮಕ್ಕಳ.

ಅರಿವಿ ಚಿಂತಿ ಅಂತೀರೇನು? 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ದಾಗ ತಲಿವಸ್ತ್ರಕ್ಕ ಪರವಾನಗಿ ಸಿಗಲಿಲ್ಲಂತ ಕತಾರಿನ ಹೆಣಮಕ್ಕಳು ಆಡದ ಹೋದ್ರು. ಕಡಿಗೆ ಬಾಸ್ಕೆಟ್‌ಬಾಲ್‌ನ ಜಾಗತಿಕ ಸಂಸ್ಥೆನ ನಿಯಮ ತಿದ್ದಿತು. 2017ರ ಅಕ್ಟೋಬರ್‌ದಿಂದ ತಲಿ ಮುಚ್ಚಿಕೊಂಡೂ ಆಡಬಹುದು. ಜಗತ್ತಿನ ನಿಯಮ ಬದಲಾಗ್ತದಂದ್ರ ನಮ್ಮ ಓಣಿದು ಬದಲಾಗಬಾರದೇನು?

"ಆಡಿದ್ರ ಹೊಟ್ಟಿ ತುಂಬ್ತದೇನು?" ಅಂತ ನಮ್ಮ ಅತ್ತಿಗೋಳು ಕೇಳ್ತಾರ. ಚೆನ್ನೈನ ಅನಿತಾ ಪಾಲ್‌ದುರೈ 2001ರಿಂದ 2017ರ ತನಕ ಸತತ ಒಂಬತ್ತು ಏಷ್ಯಾ ಚಾಂಪಿಯನ್‌ಷಿಪ್ ಆಡಿದಾಕಿ. ದಕ್ಷಿಣ ರೈಲ್ವೆದಾಗ ನೌಕರಿ, 2021ರಾಗ ಪದ್ಮಶ್ರೀ. ಎಲ್ಲಾರಿಗೂ ಇಷ್ಟು ಸಿಗಂಗಿಲ್ಲ, ಖರೆ. ಓದಿದವರಿಗೆಲ್ಲಾ ನೌಕರಿ ಸಿಗ್ತದೇನು? ಆದ್ರೂ ಓದಸ್ತೀವಲ್ಲ. ಆಡಿದ ಹುಡುಗಿಗೆ ಮೈಯಾಗ ಕಸುವು ಬರ್ತದ, ನಾಕು ಮಂದ್ಯಾಗ "ಚೆಂಡು ನನಗ ಕೊಡು" ಅಂತ ಒದರೋ ಧೈರ್ಯ ಬರ್ತದ. ಮುಂದ ಗಂಡನ ಮನ್ಯಾಗೂ ಆ ದನಿ ಬೇಕಾಗ್ತದ.

ಬಾಸ್ಕೆಟ್‌ಬಾಲ್ ಪಂದ್ಯ ಅಂದ್ರ ಹತ್ತತ್ತು ನಿಮಿಷದ ನಾಕು ಪಾಳಿ, ಒಟ್ಟು ನಲವತ್ತು ನಿಮಿಷ. ಅಷ್ಟ ಹೊತ್ತು ಮಗಳನ್ನ ದಿನಾ ಸಂಜಿಗೆ ಬಯಲಿಗೆ ಕಳಸ್ರಿ. ಬಾಸ್ಕೆಟ್‌ಬಾಲ್ ಕಂಬ ಇಲ್ಲಂದ್ರ ಖೋಖೋ ಆಡ್ಲಿ. ಒಬ್ಬಾಕಿನ ಕಳಸೂದು ಬ್ಯಾಡ, ಓಣಿಯ ಐದಾರು ಹುಡ್ಗ್ಯಾರನ್ನ ಕೂಡಿಸಿ ಕಳಸ್ರಿ, ಪಾಳಿ ಪ್ರಕಾರ ನಮ್ಮೊಳಗ ಒಬ್ಬಾಕಿ ಹೋಗಿ ಕುಂದ್ರೂಣು. ಮುಸುರಿ? ಅವತ್ತು ತಮ್ಮ ತಿಕ್ಕಲಿ.